ನಿತ್ಯಪುಷ್ಪದ ಕಷಾಯ

ಮೊನ್ನೆ ಆಸ್ಪತ್ರೆಯೊಂದರ ಮೆಟ್ಟಿಲ ಬಳಿ, ಪೈಂಟಿನ ಹಳೆಯ ಡಬ್ಬದಲ್ಲಿ, ನಿತ್ಯಪುಷ್ಪದ ಗಿಡವೊಂದನ್ನು ಕಂಡೆ. ಯಾರೋ ನೆಟ್ಟದ್ದು ಎನ್ನಲಾರೆ. ಆ ಗಿಡವನ್ನು ನಮ್ಮ ಊರಿನಲ್ಲಿ ಯಾರೂ ಮುತುವರ್ಜಿಯಿಂದ ನೆಡುವುದಿಲ್ಲ. ಅದೇ ಬಂದು ಜಾಗ ಹಿಡಿದು, ನಾವು ಕಿತ್ತೆಸೆಯುವುದಿಲ್ಲ ಎಂಬ ಧೈರ್ಯದಲ್ಲಿ ಹೂ ಬಿಡುತ್ತಾ ಕೂರುತ್ತದೆ. ಅದರ ಪಕ್ಕದ ಬೆಂಚಿನಲ್ಲಿ ನನ್ನನ್ನು ಕೂರಿಸಿ ಮಗ ಡಾಕ್ಟರ ಕೋಣೆಗೆ ಹೋಗಿದ್ದ. "ಅಮ್ಮ, ನೀನಿಲ್ಲಿ ಗಾಳಿಗೆ ಕೂತಿರು. ನಾನು ಮೊದಲು ಮಾತಾಡಿ ಬರ್ತೇನೆ" ಎಂದಿದ್ದ.

ವಿಷಯ ಇಷ್ಟೆ: ನನ್ನ ದವಡೆಯ ಕೆಳಗೆ ಅಡಿಕೆ ಗಾತ್ರದ ಗಂಟೊಂದು ಎದ್ದಿತ್ತು. ಹಿಂದಿನ ವಾರ ಅದಕ್ಕೆ ಸೂಜಿ ಚುಚ್ಚಿ ಏನನ್ನೋ ಎಳೆದು ಪರೀಕ್ಷೆಗೆ ಕಳುಹಿಸಿದ್ದರು. ಅಂದಿನಿಂದ ಮನೆಯಲ್ಲಿ ಎಲ್ಲರೂ ನನ್ನೊಡನೆ ವಿಪರೀತ ನಯವಾಗಿ ಮಾತಾಡತೊಡಗಿದ್ದರು. ಫೋನು ಬಂದರೆ ಮಗ ಬಾಲ್ಕನಿಗೆ ಹೋಗುತ್ತಿದ್ದ. ಸಾರಿಗೆ ಉಪ್ಪು ಸರಿ ಉಂಟಾ ಎಂದು ಸೊಸೆ ಮತ್ತೆ ಮತ್ತೆ ಕೇಳುತ್ತಿದ್ದಳು. ಗಂಟು ನನ್ನದಾದರೂ ಅದರ ಮಾತುಕತೆಯೆಲ್ಲ ಅವರವರ ನಡುವೆಯೇ ನಡೆಯುತ್ತಿತ್ತು.

ಕೂತಲ್ಲಿ ಕೈ ಸುಮ್ಮನಿರಲಿಲ್ಲ. ನಿತ್ಯಪುಷ್ಪದ ಒಂದು ಎಲೆ ಕಿತ್ತು ಬೆರಳುಗಳ ನಡುವೆ ಹೊಸಕಿ ಮೂಸಿದೆ. ಹಸಿ ಹಸಿಯಾದ, ಗಂಟಲಿಗೆ ಇಳಿಯುವ ಮೊದಲೇ ಕಹಿ ಎಂದು ಗೊತ್ತಾಗುವ ವಾಸನೆ. ನಿಮಗೆ ಅದರ ಪರಿಚಯ ಇಲ್ಲದಿದ್ದರೆ ದೊಡ್ಡ ನಷ್ಟವೇನೂ ಆಗಿಲ್ಲ. ನನಗೆ ಮಾತ್ರ ಆ ವಾಸನೆಯ ಬೆನ್ನಿಗೆ ಮಾಮಿಯೂ ಬೊಳ್ಳುವೂ ಬಂದು ಬೆಂಚಿನಲ್ಲಿ ಪಕ್ಕಕ್ಕೇ ಕೂತ ಹಾಗಾಯಿತು.

ಮಾಮಿ ಎಂದರೆ ನನ್ನ ಅತ್ತೆ, ಗಂಡನ ತಾಯಿ. ತುಳುವಿನಲ್ಲಿ ನಾವು ಕರೆಯುವುದು ಹಾಗೆ. ಬೊಳ್ಳು ಅವರ ನಾಯಿ. ಎಂಬತ್ತರ ದಶಕದ ಆರಂಭದಲ್ಲಿ ನಾವೆಲ್ಲ ಕಾವೂರಿನ ಕೆರೆಗೆ ಹತ್ತಿರದ ಹೆಂಚಿನ ಮನೆಯಲ್ಲಿದ್ದೆವು. ಮಾವ ಪೇಟೆಯಲ್ಲಿ ಹೋಟೆಲು ನಡೆಸುತ್ತಿದ್ದರು. ಮಂಗಳೂರಿನಲ್ಲಿ ಆಗ ಪಾಮೇರಿಯನ್ ನಾಯಿ ಸಾಕುವ ಹುಚ್ಚು ಎದ್ದಿದ್ದ ಕಾಲ. ಹೋಟೆಲಿಗೆ ದಿನಾ ಬರುತ್ತಿದ್ದ ಗಿರಾಕಿಯೊಬ್ಬರು ಕೊಟ್ಟ ಮರಿಯನ್ನು ಮಾವ ಒಂದು ದಿನ ಅಂಗಿಯೊಳಗೆ ಬೆಚ್ಚಗೆ ಇಟ್ಟುಕೊಂಡು ತಂದರಂತೆ. ತುಳುವರ ಮನೆಯಲ್ಲಿ ಬಿಳಿ ನಾಯಿ ಅಂದ ಮೇಲೆ ಹೆಸರಿಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ, ಅದು ಬೊಳ್ಳು. ಮಿಕ್ಕ ಬೊಳ್ಳುಗಳು ಗದ್ದೆ ಕಾದು ಹಂದಿ ಅಟ್ಟಿದರೆ ನಮ್ಮ ಬೊಳ್ಳು ಪಕ್ಕದ ಮನೆಯ ಹುಂಜಕ್ಕೆ ಹೆದರಿ ಮಾಮಿಯ ಸೆರಗಿನ ಹಿಂದೆ ನಿಲ್ಲುತ್ತಿತ್ತು.

ನಾನು ಆ ಬೊಳ್ಳುವಿಗೆ ಹೆದರುತ್ತಿದ್ದೆ. ಹೈಸ್ಕೂಲಿನಲ್ಲಿ ಹತ್ತನೇ ತರಗತಿಯ ಹುಡುಗರನ್ನು ಕಣ್ಣಲ್ಲೇ ಕೂರಿಸುತ್ತಿದ್ದ ಟೀಚರು ಮನೆಗೆ ಬಂದು ತನ್ನ ಮೊಣಕಾಲಿನಷ್ಟೂ ಎತ್ತರವಿಲ್ಲದ ಪ್ರಾಣಿಗೆ ಹೆದರಿ ಗೋಡೆ ಹಿಡಿದು ನಡೆಯುತ್ತಿದ್ದಳು ಎಂದರೆ ನೀವು ನಗುತ್ತೀರಿ, ನಗಿ. ನನ್ನ ಸೀರೆಗಳಲ್ಲಿ ಯಾವಾಗಲೂ ಅದರ ಬಿಳಿ ಕೂದಲು. ಕ್ಲಾಸಿನ ಮುಂದಿನ ಬೆಂಚಿನ ಹುಡುಗಿಯರು ಪದ್ಯದ ಅರ್ಥ ಕೇಳುವ ನೆಪದಲ್ಲಿ ಹತ್ತಿರ ಬಂದು ಅದನ್ನು ಹೆಕ್ಕುತ್ತಿದ್ದರು.

ನಾನು ಆ ಮನೆ ಸೇರಿದ ಮರುವರ್ಷವೇ ಮಾವ ತೀರಿಕೊಂಡರು. ಹೊಟ್ಟೆಯ ಕ್ಯಾನ್ಸರ್. ಅದು ಗೊತ್ತಿದ್ದದ್ದು ನನ್ನ ಗಂಡನಿಗೆ, ಅವರ ಅಣ್ಣನಿಗೆ ಮತ್ತು ಡಾಕ್ಟರಿಗೆ. ಮಾವನಿಗೂ ಮಾಮಿಗೂ ಹೇಳಿದ್ದು ಅಲ್ಸರ್ ಎಂದು. ಆಗ ಎಲ್ಲ ಮನೆಗಳಲ್ಲೂ ಹಾಗೆಯೇ. ಆ ಕಾಯಿಲೆಯ ಹೆಸರೆತ್ತಿದರೆ ಅದಕ್ಕೆ ದಾರಿ ತೋರಿಸಿದ ಹಾಗೆ ಎಂದು ನಂಬಿದ್ದ ಕಾಲ. ಅಲ್ಸರಿಗೆ ಖಾರ ಆಗುವುದಿಲ್ಲವಲ್ಲ, ಹಾಗಾಗಿ ಮಾಮಿ ಕೊನೆಯವರೆಗೂ ಅವರಿಗೆ ಬರೀ ಗಂಜಿ ಕೊಟ್ಟರು. ಮಾವನಿಗೆ ಬಂಗುಡೆ ಮೀನಿನ ಪುಳಿಮುಂಚಿ, ಅಂದರೆ ಹುಳಿಖಾರದ ಸಾರು, ಎಂದರೆ ಪ್ರಾಣ. ಒಂದು ಸಲ ಮಾಡಿ ಹಾಕು ಎಂದು ಅವರು ಕೇಳುವುದು, ಮೊದಲು ಗುಣ ಆಗಲಿ ಎಂದು ಮಾಮಿ ಗದರುವುದು, ಇದು ಆ ಮನೆಯಲ್ಲಿ ದಿನಾ ನಡೆಯುತ್ತಿತ್ತು. ಸತ್ಯ ಮಾಮಿಗೆ ತಿಳಿದದ್ದು ವೈಕುಂಠ ಸಮಾರಾಧನೆಯ ಊಟದ ಹೊತ್ತಿಗೆ, ಯಾರೋ ದೂರದ ನೆಂಟರ ಬಾಯಿಂದ. ಅವರು ಯಾರ ಮೇಲೂ ಸಿಟ್ಟು ಮಾಡಲಿಲ್ಲ. ಆದರೆ ಆಮೇಲೆ ನಮ್ಮ ಮನೆಯಲ್ಲಿ ಪುಳಿಮುಂಚಿ ಮಾಡುವುದು ನಿಂತೇಹೋಯಿತು.

ಇದಾಗಿ ಮೂರ್ನಾಲ್ಕು ವರ್ಷಗಳ ಮೇಲೆ, ಒಂದು ಭಾನುವಾರ ಬೊಳ್ಳುವಿಗೆ ಸ್ನಾನ ಮಾಡಿಸುತ್ತಿದ್ದ ಮಾಮಿಯ ಕೈಗೆ ಅದರ ದವಡೆಯ ಕೆಳಗೆ ಎರಡು ಗಂಟುಗಳು ಸಿಕ್ಕಿದವು. ಮಾಮಿ ಅಲ್ಲೇ ಕೆಪ್ಪಟ್ರಾಯ, ಅಂದರೆ ಮಂಗನಬಾವು, ಎಂದು ತೀರ್ಮಾನಿಸಿದರು. ಮಕ್ಕಳಿಗೆ ಕೆಪ್ಪಟ್ರಾಯ ಆದರೆ ಹಚ್ಚುವ ಹಾಗೆ ಅರಸಿನಕ್ಕೆ ಸುಣ್ಣ ಬೆರೆಸಿ ದಪ್ಪಗೆ ಮೆತ್ತಿದರು. ಅರಸಿನ ಸುಣ್ಣ ಸೇರಿದರೆ ಯಾವ ಬಣ್ಣ ಆಗುತ್ತದೆಂದು ನಿಮಗೆ ಗೊತ್ತೇ ಇದೆ. ಒಂದು ವಾರ ನಮ್ಮ ಬೊಳ್ಳು ಕೆಂಪು ಮಫ್ಲರ್ ಸುತ್ತಿಕೊಂಡು ಓಡಾಡಿತು. ಗಂಟುಗಳು ಮಾತ್ರ ಬೆಳೆದವು.

ಕೊನೆಗೆ ಬೊಳ್ಳುವನ್ನು ಬುಟ್ಟಿಯಲ್ಲಿ ಕೂರಿಸಿ, ಮೇಲೆ ಬೈರಾಸು, ನೀವು ಟವೆಲು ಅನ್ನುವುದು, ಹೊದಿಸಿ, ಸಿಟಿ ಬಸ್ಸಿನಲ್ಲಿ ಪೇಟೆಯ ದನದ ಆಸ್ಪತ್ರೆಗೆ ಹೊರಟೆವು. ಅಲ್ಲಿ ಬರುತ್ತಿದ್ದದ್ದು ಹೆಚ್ಚಾಗಿ ದನ, ಎಮ್ಮೆ, ಕೋಳಿ. ಡಾಕ್ಟರು ನಡುವಯಸ್ಸಿನವರು, ಸಣ್ಣ ದನಿಯವರು. ಕೆಂಪು ಕುತ್ತಿಗೆ ನೋಡಿ ನಗಲಿಲ್ಲ, ಅದೇ ದೊಡ್ಡ ಗುಣ. ದವಡೆಯ ಕೆಳಗೆ ಮುಟ್ಟಿ, ಹೆಗಲ ಮುಂದೆ ಮುಟ್ಟಿ, ಹಿಂಗಾಲಿನ ಮಡಿಕೆಯಲ್ಲಿ ಮುಟ್ಟಿದರು. ಎಲ್ಲ ಕಡೆಯೂ ಗಂಟು ಇತ್ತು. ಮೊದಲು ಉಣ್ಣಿ ಜ್ವರ ಇರಬಹುದೆಂದು ಮಾತ್ರೆ ಕೊಟ್ಟರು. ಅದಕ್ಕೆ ಬಗ್ಗದಿದ್ದಾಗ ಗಂಟಿಗೆ ಸೂಜಿ ಹಾಕಿ, ಎಳೆದದ್ದನ್ನು ಗಾಜಿನ ಮೇಲೆ ಸವರಿ, ಮನುಷ್ಯರ ಆಸ್ಪತ್ರೆಯಲ್ಲಿದ್ದ ತಮ್ಮ ಗೆಳೆಯರಿಗೆ ನೋಡಲು ಕಳುಹಿಸಿದರು.

ಫಲಿತಾಂಶದ ದಿನ ಮಾಮಿಯನ್ನು ಹೊರಗೆ ಮರದ ಕೆಳಗೆ ಬುಟ್ಟಿಯೊಂದಿಗೆ ಕೂರಿಸಿ, ನಾನೂ ನನ್ನ ಗಂಡನೂ ಒಳಗೆ ಹೋದೆವು. ಲಿಂಫೋಮಾ ಎಂದರು ಡಾಕ್ಟರು. ಮೈಯನ್ನು ರೋಗದಿಂದ ಕಾಯುವ ಗ್ರಂಥಿಗಳಿಗೇ ಹತ್ತುವ ಕ್ಯಾನ್ಸರ್ ಅಂತೆ. ದೊಡ್ಡ ಜಾತಿಯ ನಾಯಿಗಳಲ್ಲಿ ಹೆಚ್ಚು, ಆದರೆ ಈ ಸಣ್ಣವನ್ನೂ ಬಿಡುವುದಿಲ್ಲ. ಹಾಗೇ ಬಿಟ್ಟರೆ ಒಂದೆರಡು ತಿಂಗಳು. ಮನುಷ್ಯರಿಗೆ ಕೊಡುವ ಇಂಜೆಕ್ಷನನ್ನೇ ವಾರಕ್ಕೊಮ್ಮೆ ಕೊಟ್ಟು, ಜೊತೆಗೆ ಮಾತ್ರೆ ಹಾಕಿದರೆ ಗಂಟು ಇಳಿಯುತ್ತದೆ, ಒಂದು ವರ್ಷ ಚೆನ್ನಾಗಿ ಇದ್ದರೂ ಇರಬಹುದು. ಪೂರ್ತಿ ಗುಣವಾಗುತ್ತದೆ ಎಂದು ಅವರು ಹೇಳಲಿಲ್ಲ. ಸಣ್ಣ ನಾಯಿಗೆ ಮದ್ದೂ ಸಣ್ಣ ಪ್ರಮಾಣದಲ್ಲಿ ಸಾಕು, ಆದರೆ ಅದರ ರಕ್ತನಾಳವೂ ದಾರದಷ್ಟೆ. ಮದ್ದು ಒಂದು ಹನಿ ನಾಳದ ಹೊರಗೆ ಹೋದರೂ ಮಾಂಸ ಸುಟ್ಟುಹೋಗುತ್ತದೆ ಎಂದೂ ಎಚ್ಚರಿಸಿದರು.

ಹೊರಗೆ ಬರುತ್ತಾ ಗಂಡ ನನ್ನ ಕಿವಿಯಲ್ಲಿ, ಅಮ್ಮನಿಗೆ ಬಾವು ಅಂತ ಹೇಳಿದರೆ ಸಾಕು, ಹೇಗೂ ನಾಯಿ ಅಲ್ವಾ ಎಂದರು. ಮಾಮಿ ನಮ್ಮ ಮುಖವನ್ನೇ ನೋಡುತ್ತಿದ್ದರು. ನಾವು ಬಾಯಿ ತೆರೆಯುವ ಮೊದಲೇ ಅವರು ಕೇಳಿದರು:

"ಎಂತ, ನಾಯಿಗೂ ಅಲ್ಸರಾ?"

ಗಂಡ ತಲೆ ತಗ್ಗಿಸಿದರು. ನಮ್ಮ ಹಿಂದೆಯೇ ಹೊರಗೆ ಬಂದಿದ್ದ ಡಾಕ್ಟರಿಗೆ ಹಿಂದಿನ ಕಥೆ ಗೊತ್ತಿರಲಿಲ್ಲ, ಆದರೂ ಏನೋ ಅರ್ಥವಾಗಿರಬೇಕು. ಅವರು ಮರದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು, ಒಳಗೆ ನಮಗೆ ಹೇಳಿದ್ದನ್ನೆಲ್ಲ ಒಂದೂ ಬಿಡದೆ ಮಾಮಿಗೆ ಹೇಳಿದರು. ಮಾಮಿ ಬೊಳ್ಳುವಿನ ಕಿವಿ ಸವರುತ್ತಾ ಕೇಳಿದರು. ಆಮೇಲೆ ಹೇಳಿದ ಮಾತು ನನಗೆ ಈಗಲೂ ಅಕ್ಷರಶಃ ನೆನಪಿದೆ.

"ಕಹಿಯಾದ್ರೆ ಕಹಿ ಅಂತಲೇ ಹೇಳಿ ಕೊಡಿ ಡಾಕ್ಟ್ರೇ. ಕುಡಿಯುವವಳು ನಾನಲ್ವಾ?"

ಅಂದಿನಿಂದ ಬೊಳ್ಳುವಿನ ಚಿಕಿತ್ಸೆ ಮಾಮಿಯ ಕೈಗೆ ಬಂತು. ನಮಗೆ ಬಸ್ಸಿನಲ್ಲಿ ಬುಟ್ಟಿ ಹಿಡಿಯುವ ಕೆಲಸ ಮಾತ್ರ. ಇಂಜೆಕ್ಷನ್ ಮಾಡುವಾಗ ಮುಂಗಾಲನ್ನು ಅಲುಗಾಡದಂತೆ ಹಿಡಿಯುವುದು ಮಾಮಿ. ಬೆಲ್ಲದುಂಡೆಯೊಳಗೆ ಮಾತ್ರೆ ಅಡಗಿಸಿ ತಿನ್ನಿಸುವುದು ಮಾಮಿ. ಒಂದು ಮಾತ್ರೆ ಮೂತ್ರಕೋಶಕ್ಕೆ ಉರಿ ಮಾಡುತ್ತದೆ, ಚೆನ್ನಾಗಿ ನೀರು ಕುಡಿಸಿ ಆಗಾಗ ಅಂಗಳಕ್ಕೆ ಬಿಡಿ ಎಂದು ಡಾಕ್ಟರು ಹೇಳಿದ್ದಕ್ಕೆ ಆ ಮಾತ್ರೆಯ ದಿನ ಮಾಮಿ ಜಗಲಿ ಬಿಟ್ಟು ಕದಲುತ್ತಿರಲಿಲ್ಲ. ಮೊದಲ ವಾರ ಕಳೆಯುವುದರೊಳಗೆ ಗಂಟುಗಳು ಕರಗತೊಡಗಿದವು. ಮುಟ್ಟಿ ನೋಡು ಎಂದು ಮಾಮಿ ನನ್ನ ಕೈ ಎಳೆದು ಬೊಳ್ಳುವಿನ ಕುತ್ತಿಗೆಗೆ ಹಚ್ಚಿದರು. ನಾನು ಆ ನಾಯಿಯನ್ನು ಮುಟ್ಟಿದ್ದು ಅದೇ ಮೊದಲು. ಗಂಟು ಇರಲಿಲ್ಲ, ಬೆಚ್ಚಗೆ ಕೂದಲಿತ್ತು, ಒಳಗೆ ಸಣ್ಣಗೆ ಮಿಡಿತ ಇತ್ತು.

ಬೊಳ್ಳುವಿಗೆ ಹಸಿವು ವಿಪರೀತವಾಯಿತು. ಅದು ಮಾತ್ರೆಯ ಗುಣವಂತೆ. ಮೀಸೆ ಉದುರಿತು. ಪ್ರತಿ ಇಂಜೆಕ್ಷನಿಗೆ ಮೊದಲು ಒಂದು ಹನಿ ರಕ್ತ ತೆಗೆದು, ಬಿಳಿಕಣ ಸಾಕಷ್ಟು ಉಂಟಾ ಎಂದು ಡಾಕ್ಟರು ನೋಡುತ್ತಿದ್ದರು. ಹಾಗೆ ನಾಳ ಹುಡುಕುತ್ತಿದ್ದಾಗ ಒಮ್ಮೆ, ಮಾಮಿಯ ಕೈ ನಡುಗದಿರಲೆಂದು ಮಾತಿಗೆಳೆದು, ಈ ಮದ್ದು ಎಲ್ಲಿಂದ ಬರುತ್ತದೆ ಗೊತ್ತಾ ಅಮ್ಮ, ನಿಮ್ಮ ಅಂಗಳದಲ್ಲೇ ಇರುವ ನಿತ್ಯಪುಷ್ಪದ ಎಲೆಯಿಂದ ಎಂದರು. ಮಾಮಿಗೆ ಆದ ಸಂತೋಷ ಹೇಳತೀರದು. ಬಸ್ಸಿನಲ್ಲಿ ಮೀನಿನ ಬುಟ್ಟಿ ಇಟ್ಟುಕೊಂಡು ಕೂತಿದ್ದ ಬೆಂಗ್ರೆಯ ಹೆಂಗಸಿಗೂ ಆ ಸಂಗತಿಯನ್ನು ಹೇಳಿದರು. ಮನೆಗೆ ಬಂದವರೇ ಬಾವಿಕಟ್ಟೆಯ ಸುತ್ತಲಿನ ನಿತ್ಯಪುಷ್ಪಕ್ಕೆ ಗೊಬ್ಬರ ಹಾಕಿದರು. ಯಾರ ಉಪಚಾರವನ್ನೂ ಬೇಡದ ಆ ಗಿಡಕ್ಕೆ ಆಶ್ಚರ್ಯವಾಗಿರಬೇಕು.

ಇಲ್ಲಿ ನಮ್ಮ ಆಟಿಯ ಕಷಾಯದ ಬಗ್ಗೆ ಎರಡು ಮಾತು ಹೇಳದಿದ್ದರೆ ಮುಂದಿನದು ನಿಮಗೆ ವಿಚಿತ್ರ ಅನ್ನಿಸೀತು. ಆಟಿ ಎಂದರೆ ಮಳೆ ಬಿಡದೆ ಹೊಯ್ಯುವ ತುಳು ತಿಂಗಳು. ಆ ತಿಂಗಳ ಅಮಾವಾಸ್ಯೆಯ ಬೆಳಗ್ಗೆ ಪಾಲೆ ಮರದ ತೊಗಟೆಯನ್ನು, ಕತ್ತಿ ತಾಗಿಸದೆ, ಕಲ್ಲಿನಿಂದ ಜಜ್ಜಿ ತರಬೇಕು. ತರುವ ಗಂಡಸು ಬಟ್ಟೆಯಿಲ್ಲದೆ ಹೋಗಬೇಕೆಂಬುದು ಹಳೆಯ ಕ್ರಮ. ಬ್ಯಾಂಕಿನಲ್ಲಿ ಆಫೀಸರಾಗಿದ್ದ ನನ್ನ ಗಂಡ ಬಹಳ ಚೌಕಾಸಿ ಮಾಡಿ ಬೈರಾಸಿನವರೆಗೆ ರಿಯಾಯಿತಿ ಪಡೆದಿದ್ದರು. ಓಮ, ಬೆಳ್ಳುಳ್ಳಿ, ಕಾಳುಮೆಣಸು ಸೇರಿಸಿ ಆ ರಸವನ್ನು ಮನೆಯವರೆಲ್ಲ ಖಾಲಿ ಹೊಟ್ಟೆಯಲ್ಲಿ ಕುಡಿಯುವುದು, ವರ್ಷವಿಡೀ ಕಾಯಿಲೆ ಬಾರದಿರಲೆಂದು. ಆ ಕಹಿಗೆ ಹೋಲಿಕೆ ಇಲ್ಲ. ಅದನ್ನು ಇಳಿಸಲಿಕ್ಕೆ ಮೇಲಿಂದ ಮೆಂತೆಯ ಗಂಜಿ. ನಮ್ಮ ಮನೆಯಲ್ಲಿ ಇನ್ನೊಂದು ನಿಯಮವೂ ಇತ್ತು: ಕಷಾಯ ಮಾಡಿದ ಹಿರಿಯರು ಎಲ್ಲರ ಕಣ್ಣೆದುರು ತಾವು ಮೊದಲು ಕುಡಿದು, ಆಮೇಲೆ ಮಕ್ಕಳಿಗೆ ಕೊಡಬೇಕು.

ಆ ವರ್ಷ ಆಟಿಯಲ್ಲಿ ಮಳೆ ಜೋರಾಗಿ, ಘಾಟಿಯಲ್ಲಿ ಗುಡ್ಡ ಕುಸಿದು, ಮದ್ದಿನ ಅಂಗಡಿಗೆ ಬೊಳ್ಳುವಿನ ಇಂಜೆಕ್ಷನ್ ಬರಲಿಲ್ಲ. ಮುಂದಿನ ವಾರ ಬರಬಹುದು ಎಂದರು ಅಂಗಡಿಯವರು. ಒಂದು ವಾರ ತಪ್ಪಿದರೆ ಅಡ್ಡಿಯಿಲ್ಲ, ಮಾತ್ರೆ ಮುಂದುವರಿಸಿ ಎಂದರು ಡಾಕ್ಟರು. ಮಾಮಿ ಎರಡಕ್ಕೂ ತಲೆಯಾಡಿಸಿದರು. ಆದರೆ ದಿನಾ ಬೊಳ್ಳುವಿನ ಕುತ್ತಿಗೆ ಒತ್ತಿ ಒತ್ತಿ ನೋಡತೊಡಗಿದರು. ಇಲ್ಲದ ಗಂಟು ಅವರ ಬೆರಳಿಗೆ ಸಿಗತೊಡಗಿತು.

ಆ ವಾರದಲ್ಲೇ ಒಂದು ಸಂಜೆ ನಾನು ಶಾಲೆಯಿಂದ ಬಂದಾಗ ಜಗಲಿಯಲ್ಲಿ ಯಾರೂ ಇರಲಿಲ್ಲ. ಹಿತ್ತಿಲ ಬಾಗಿಲಿಗೆ ಹೋದರೆ ಬಾವಿಕಟ್ಟೆಯ ಸುತ್ತ ನಿತ್ಯಪುಷ್ಪದ ಗಿಡಗಳು ಎಲೆಯಿಲ್ಲದೆ ಬರೀ ಕಡ್ಡಿಗಳಾಗಿ ನಿಂತಿದ್ದವು. ಅಡುಗೆಮನೆ ತುಂಬ ಆ ಹಸಿ ಕಹಿ ವಾಸನೆ. ಒಲೆಯ ಪಕ್ಕ ಕಪ್ಪು ಹಸಿರು ಕಷಾಯದ ಪಾತ್ರೆ, ಕೆಳಗೆ ಬೊಳ್ಳುವಿನ ತಟ್ಟೆ. ಮಾಮಿ ಗೋಡೆಗೆ ಒರಗಿ ಕೂತಿದ್ದರು. ಮುಖ ಬೆವೆತು ಬಿಳಿಚಿಕೊಂಡಿತ್ತು. ಬೊಳ್ಳು ಎಲ್ಲೂ ಕಾಣಲಿಲ್ಲ.

ಒಂದು ಹನಿ ಹೊರಗೆ ಚೆಲ್ಲಿದರೆ ಮಾಂಸ ಸುಡುವ ಮದ್ದು, ಅದರ ಎಲೆ ಹೊರೆಗಟ್ಟಲೆ ಬೇಯಿಸಿದ ನೀರು.

"ಮಾಮಿ, ಬೊಳ್ಳುವಿಗೆ ಕೊಟ್ಟಿರಾ?"

ಅವರು ನಿಧಾನಕ್ಕೆ ಕಣ್ಣು ತೆರೆದು, ನಾನು ಏನೋ ಮರ್ಯಾದೆಗೆಟ್ಟ ಮಾತು ಆಡಿದ ಹಾಗೆ ನೋಡಿದರು.

"ದೊಡ್ಡವರು ಕುಡಿಯದೆ ಸಣ್ಣವರಿಗೆ ಕೊಡ್ಲಿಕ್ಕೆ ಉಂಟಾ ಮಗಾ? ನಾನು ಮೊದಲು ಕುಡಿದೆ."

ಅಷ್ಟು ಹೇಳಿ ವಾಂತಿ ಮಾಡಿಕೊಂಡರು. ಬೊಳ್ಳು ಮೂಲೆಯ ಮೇಜಿನ ಕೆಳಗಿಂದ ಮೂತಿ ಹೊರಗೆ ಹಾಕಿತು. ತಟ್ಟೆ ಒಣಗಿತ್ತು, ಒಂದು ತೊಟ್ಟೂ ಬಿದ್ದಿರಲಿಲ್ಲ. ನಾನು ನೆಲದ ಮೇಲೆ ಕುಸಿದು ಕೂತು, ಒಂದು ಕೈಯಲ್ಲಿ ಮಾಮಿಯ ಹಣೆ ಹಿಡಿದು, ಇನ್ನೊಂದು ಕೈಯಲ್ಲಿ ಆ ನಾಯಿಯನ್ನು ಮಡಿಲಿಗೆ ಎಳೆದುಕೊಂಡೆ.

ಆಟೋದಲ್ಲಿ ಮೂವರೂ ಹೊರಟೆವು. ಪೇಶಂಟು ಯಾರು ಎಂದು ಡ್ರೈವರು ಕನ್ನಡಿಯಲ್ಲಿ ನೋಡಿ ಕೇಳಿದ. ಮಾಮಿ ಬೊಳ್ಳುವನ್ನು ತೋರಿಸಿದರು. ನಮ್ಮ ಮನೆಯ ಡಾಕ್ಟರು ಹೊಟ್ಟೆ ತೊಳೆಸಿ, ಗ್ಲೂಕೋಸ್ ಏರಿಸಿ, ಒಂದು ದಿನ ಇರಿಸಿಕೊಂಡರು. ಕುಡಿದದ್ದರಲ್ಲಿ ಹೆಚ್ಚಿನದು ಹೊರಗೆ ಬಂದಿದೆ, ಪ್ರಾಣಕ್ಕೇನೂ ಭಯವಿಲ್ಲ ಎಂದರು. ಬೆಳಗ್ಗೆ ಮಾಮಿ ಎದ್ದು ಮೆಂತೆಯ ಗಂಜಿ ಕೇಳಿದಾಗ ನನಗೆ ಜೀವ ಬಂತು. ದನದ ಡಾಕ್ಟರು ಸುದ್ದಿ ಕೇಳಿ ಅಲ್ಲಿಗೇ ಬಂದರು. ಎಲೆಯಲ್ಲಿ ಮದ್ದು ಎಳ್ಳಿನಷ್ಟು, ಉಳಿದದ್ದು ಬೇರೆ ವಿಷ; ಬೇರೆ ಮಾಡಲಿಕ್ಕೆ ದೊಡ್ಡ ಕಾರ್ಖಾನೆಯೇ ಬೇಕಾಗುತ್ತದೆ ಎಂದು ಸಿಟ್ಟಿನಿಂದಲೇ ವಿವರಿಸಿದರು. ಇಷ್ಟು ಬೊಳ್ಳುವಿನ ಹೊಟ್ಟೆಗೆ ಹೋಗಿದ್ದರೆ ಅದು ಉಳಿಯುತ್ತಿರಲಿಲ್ಲ, ನಿಮ್ಮ ಮನೆಯ ಆ ನಿಯಮ ಒಂದು ಒಳ್ಳೆಯದಾಯಿತು ಎಂದು ಕೊನೆಗೆ ಸಮಾಧಾನವಾದರು.

ಅವರು ಹೋದ ಮೇಲೆ ಮಾಮಿ ಛಾವಣಿ ನೋಡುತ್ತಾ ಮಾತಾಡಿದರು. ಮಾವನ ವಿಷಯ ಅವರು ನನ್ನೊಡನೆ ಎತ್ತಿದ್ದು ಅದೊಂದೇ ಸಲ.

"ಅವರಿಗೆ ಎಂತ ಅಂತ ಗೊತ್ತಿದ್ದಿದ್ರೆ ನಾನು ಪುಳಿಮುಂಚಿ ಮಾಡಿ ಹಾಕ್ತಿದ್ದೆ. ಇದರ ವಿಷಯ ನಂಗೆ ಗೊತ್ತುಂಟು. ಗೊತ್ತಿದ್ದೂ ಸುಮ್ಮನೆ ಕೂರ್ಲಿಕ್ಕೆ ಆಗ್ಲಿಲ್ಲ."

ಬಾಗಿಲಲ್ಲಿ ನಿಂತಿದ್ದ ನನ್ನ ಗಂಡ ಒಳಗೆ ಬಂದು ಅವರ ಕಾಲ ಬಳಿ ಕೂತರು.

ಮರುವಾರ ಇಂಜೆಕ್ಷನ್ ಬಂತು. ಬೊಳ್ಳು ಆ ಆಟಿ ದಾಟಿತು, ದೀಪಾವಳಿ ದಾಟಿತು, ಮುಂದಿನ ಆಟಿಯನ್ನೂ ದಾಟಿತು. ಮೀಸೆ ಮತ್ತೆ ಬಂತು. ಒಂದು ದಿನ ಪಕ್ಕದ ಮನೆಯ ಹುಂಜವನ್ನು ಅಟ್ಟಿಯೂ ಬಿಟ್ಟಿತು. ಅದು ನಮಗೆ ಸಿಕ್ಕ ಹೆಚ್ಚುವರಿ ಕಾಲ, ಮಾಮಿ ಅದನ್ನು ಹಾಗೆಯೇ ಅನುಭವಿಸಿದರು. ಆಮೇಲೆ ಗಂಟುಗಳು ಮರಳಿ ಬಂದವು, ಈ ಸಲ ಮದ್ದಿಗೆ ಬಗ್ಗಲಿಲ್ಲ. ಇನ್ನು ಸೂಜಿ ಚುಚ್ಚಿಸಿದ್ದು ಸಾಕು ಎಂದು ನಿರ್ಧರಿಸಿದ್ದು ಮಾಮಿಯೇ. ಆ ವಾರ ನಮ್ಮ ಮನೆಯಲ್ಲಿ ವರ್ಷಗಳ ಮೇಲೆ ಬಂಗುಡೆ ಪುಳಿಮುಂಚಿಯಾಯಿತು. ಬೊಳ್ಳುವಿನ ಪಾಲಿನ ಮೀನನ್ನು ಮಾಮಿ ಖಾರ ಹಾಕದೆ ಬೇಯಿಸಿ, ಮುಳ್ಳು ಬಿಡಿಸಿ, ತುತ್ತು ತುತ್ತಾಗಿ ತಿನ್ನಿಸಿದರು. ಎಲೆ ಹಾಕಿ ಇನ್ನೊಂದು ಪಾಲು ಮಾವನ ಹೆಸರಿನಲ್ಲಿ ಬಡಿಸಿದರು. ಬೊಳ್ಳು ಒಂದು ಮಧ್ಯಾಹ್ನ ಅವರ ಪಾದದ ಮೇಲೆ ತಲೆಯಿಟ್ಟು ಮಲಗಿದ್ದು ಏಳಲಿಲ್ಲ. ಹೆಚ್ಚು ಅತ್ತದ್ದು ನಾನೇ. ಮಾಮಿಯ ಮುಖದಲ್ಲಿ ಹೊರೆ ಇಳಿಸಿದವರ ನಿರಾಳ ಇತ್ತು.

ಇಷ್ಟೆಲ್ಲ ನೆನಪಾಗುವಷ್ಟು ಹೊತ್ತಾದರೂ ಮಗ ಕೋಣೆಯಿಂದ ಹೊರಗೆ ಬಂದಿರಲಿಲ್ಲ. ನಾನು ಎದ್ದೆ. ಬಾಗಿಲು ತಟ್ಟಿ ಒಳಗೆ ಹೋಗಿ, ನನ್ನದು ನನಗೇ ಹೇಳಿ ಡಾಕ್ಟರೇ ಎಂದೆ. ಮಗ ಗಾಬರಿಯಾಗಿ ನಿಂತ. ಅವನು ಎದ್ದ ಕುರ್ಚಿಯಲ್ಲಿ ನಾನು ಕೂತೆ. ನನ್ನ ಸೊಸೆಯ ವಯಸ್ಸಿನ ಆ ಡಾಕ್ಟರು ನೇರವಾಗಿ ನನ್ನನ್ನೇ ನೋಡಿ ಹೇಳಿದರು: ಕ್ಯಾನ್ಸರ್ ಅಲ್ಲ, ಹುಳುಕು ದವಡೆಹಲ್ಲಿನ ಸೋಂಕು ಗ್ರಂಥಿಗೆ ಇಳಿದಿದೆ, ಹಲ್ಲು ಕೀಳಿಸಿದರೆ ಬಾವು ಇಳಿಯುತ್ತದೆ. ಮಗನಿಗೆ ಅದಾಗಲೇ ಗೊತ್ತಾಗಿ, ಅಲ್ಲೇ ಕಣ್ಣೊರೆಸಿಕೊಳ್ಳುತ್ತಾ ಕೂತಿದ್ದನಂತೆ. ನನಗೂ ಮೈಯೆಲ್ಲ ಹಗುರವಾಯಿತು.

ಹೊರಗೆ ಬಂದು ಮೆಟ್ಟಿಲಿಳಿಯುವಾಗ, ಡಬ್ಬದ ಗಿಡದ ಹತ್ತಿರ, ಅವನು ಮೆಲ್ಲಗೆ ಕೇಳಿದ:

"ಬೇರೆ ಎಂತಾದ್ರೂ ಆಗಿದ್ದಿದ್ರೆ ಅಮ್ಮ?"

"ಆಗಲೂ ಆ ಕುರ್ಚಿ ನನಗೇ ಬೇಕಿತ್ತು" ಎಂದೆ.

ದಾರಿಯಲ್ಲಿ ಕಾರು ನಿಲ್ಲಿಸಿ ಬಂಗುಡೆ ತೆಗೆದುಕೊಂಡೆವು. ಹಲ್ಲು ನೋಯುತ್ತಿದ್ದರೂ ಅವತ್ತು ಪುಳಿಮುಂಚಿಗೆ ನಾನು ಖಾರವನ್ನು ಒಂದಿಷ್ಟೂ ಕಡಿಮೆ ಮಾಡಲಿಲ್ಲ.